ಹಿಂದಿನ ಸೀಟು

ಭಾನುವಾರ, ಜೂನ್ ೧೪

ಇಂದು ಕೆರೆಯವರೆಗೆ ಕಾರು ಓಡಿಸಿದವಳು ಮಗಳು! ಲೈಸೆನ್ಸ್ ಬಂದು ಮೂರೇ ದಿನ. ಹಿಂದಿನ ಸೀಟಿಗೆ ಗಡೀಪಾರಾದ ನಾನು ಎಂದಿನಂತೆ ರಾಕ್ಷಸನ ಕಥೆ ಗುಡುಗಿದೆ.

"ಅಪ್ಪಾ, ಮೆಲ್ಲಗೆ! ಹಿಂದಿನವರ ಹಾರ್ನೇ ಕೇಳಿಸ್ತಿಲ್ಲ."

ಅವಳ ಮುಖ ನೋಡಲು ಮುಂದೆ ಬಾಗಿದೆ. ಕಂಡದ್ದು ಅವಳ ತಲೆಯ ಹಿಂಭಾಗ ಮಾತ್ರ. ಪ್ರೇಕ್ಷಕರಿಗೆ ಬೆನ್ನು ಹಾಕಬಾರದು, ಅದು ನಾಟಕದವನಾದ ನಾನು ರಂಗದಲ್ಲಿ ಕಲಿತ ಮೊದಲ ಪಾಠ. ಇಷ್ಟು ವರ್ಷ, ಪ್ರತಿ ಭಾನುವಾರ, ನಾನು ಸ್ಟೇರಿಂಗ್ ಹಿಡಿದು ಬೆನ್ನು ಹಾಕಿಯೇ ಕಥೆ ಹೇಳಿದ್ದೆ!

ಆಗೆಲ್ಲ ಹಿಂದೆ ಅವಳ ಪಕ್ಕ ಕೂರುತ್ತಿದ್ದ, ಇಂದು ಮುಂದಿನ ಸೀಟಿನಲ್ಲಿದ್ದ ಹೆಂಡತಿಯನ್ನು ಕೇಳಿದೆ: "ಕಥೆ ಕೇಳೋವಾಗ ಅವಳ ಮುಖ ಹೇಗಿರ್ತಿತ್ತು?"

"ರಾಕ್ಷಸ ಬಂದ ಅಂದ್ರೆ ಸಾಕು, ಸೀಟ್ ಬೆಲ್ಟ್ ಕಚ್ಕೊಂಡು ಕೂರೋಳು. ನಿಮಗೆ ಗೊತ್ತಿಲ್ವೇನ್ರೀ?"

ಗೊತ್ತಿರಲಿಲ್ಲ. ಅಯ್ಯೋ, ಒಂದೇ ಒಂದು ಭಾನುವಾರ ಮರಳಿ ಸಿಗಲಿ! ಕಾರು ಬದಿಗೆ ನಿಲ್ಲಿಸಿ, ತಿರುಗಿ ಕೂತು ಹೇಳುತ್ತೇನೆ. ರಾಕ್ಷಸನನ್ನು ಬೇಗ ಕೊಲ್ಲುವುದಿಲ್ಲ, ಅವಳ ಕಣ್ಣು ನೋಡುತ್ತಾ...