ಎರಡು ಎಂಜಿನ್, ಒಂದು ಗಾಡಿ

೧೪ ನವೆಂಬರ್ ೧೯೯೮, ಶನಿವಾರ

ಗೆಳೆಯ ಮಾಂತುವಿನ ನಗು ಇನ್ನೂ ಕಿವಿಯಲ್ಲಿದೆ. ನಾವೇ ಕಟ್ಟಿದ ಪುಟ್ಟ ರೇಸ್ ಗಾಡಿ, ಗೋ-ಕಾರ್ಟಿನ ಹಿಂದಿನ ಎರಡು ಚಕ್ರಗಳಿಗೆ ಒಂದೊಂದು ಹಳೆಯ ಮೊಪೆಡ್ ಎಂಜಿನ್. ಬಲಗಡೆಯದಕ್ಕೆ ಜೋರು ಹೆಚ್ಚು. ಹಾಗಾಗಿ ನಮ್ಮ ಬಡಾವಣೆ ಕೋಥರೂಡದ ಮೈದಾನದಲ್ಲಿ ಬರೀ ಸುತ್ತು ಹೊಡೆದೆ.

"ಸಮಾನತೆ ಅಂತ ಕರಪತ್ರ ಹಂಚ್ತಿ, ನಿನ್ನ ಗಾಡಿ ನೋಡಿದ್ರ ಗಾಣದ ಎತ್ತು!" ಎಂದ ಮಾಂತು.

ತಂಗಿ ಮಾಧುರಿ ನಗಲಿಲ್ಲ. "ಅಣ್ಣಾ, ಎರಡೂ ಎಕ್ಸಿಲೇಟರ್ ನೀನ ಯಾಕ ಹಿಡೀಬೇಕು? ಒಂದು ನನಗ ಕೊಡು."

ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಪಕ್ಕದಲ್ಲಿ ಕೂತು, ನನ್ನ ಎಂಜಿನ್ನಿನ ಸದ್ದು ಕೇಳುತ್ತ, ಅವಳು ತನ್ನದನ್ನು ಹದಕ್ಕೆ ತಂದಳು. ಗಾಡಿ ನೆಟ್ಟಗೆ ಹೊರಟಿತು!

ಕಣ್ಣು ಮುಚ್ಚಿದರೂ ಅದು ಹೋಗುತ್ತಲೇ ಇದೆ, ಮೈದಾನ ದಾಟಿ, ಒಡೆಯನೇ ಇಲ್ಲದ ಯಾವುದೋ ಊರಿನ ಕಡೆಗೆ. ಬ್ರೇಕು ಯಾರ ಕಾಲಿಗೆ ಎಂಬುದನ್ನು ಮಾತ್ರ ನಾವಿಬ್ಬರೂ ಇನ್ನೂ ತೀರ್ಮಾನಿಸಿಲ್ಲ…