ಮೂರನೆಯ ಸಾಲಿನ ದನಿ

ಸಾಲ್ಮಿಯಾ, ಕುವೈತ್
ಗುರುವಾರ, ನವೆಂಬರ್ 14, 2024

ಪ್ರೀತಿಯ ಬೆಟ್ಟಿ,

ನಿನ್ನ ಮಂಡಿನೋವು ಹೇಗಿದೆ? ರಿಯೋನಾ ಬಾಣಂತಿ ಎಂದು ಎಲ್ಲ ಕೆಲಸವನ್ನೂ ನೀನೇ ಮೈಮೇಲೆ ಎಳೆದುಕೊಳ್ಳಬೇಡ, ಅಳಿಯನಿಗೂ ಎರಡು ಕೈ ಇವೆ. ಮೊಮ್ಮಗ ಹಾಲು ಕುಡಿದು ನಿದ್ದೆ ಮಾಡುತ್ತಾನಾ? ನಾನು ಚೆನ್ನಾಗಿದ್ದೇನೆ, ಮೀನುಸಾರು ಮಾತ್ರ ನನ್ನ ಕೈಯಲ್ಲಿ ಇವತ್ತಿಗೂ ನೀರೇ. ದಿನಾ ವಿಡಿಯೋ ಕಾಲ್ ಮಾಡುವ ಮನುಷ್ಯ ಇದೇನು ಕಾಗದ ಬರೆಯಲು ಕೂತ ಎಂದು ನಿನಗೆ ಗಾಬರಿಯಾಗಿರಬೇಕು. ನನಗೆ ಫೋನಿನ ಮೇಲೆ ನಂಬಿಕೆ ಹೋಗಿದೆ. ಅದಕ್ಕೇ ಊರಿಗೆ ಹೊರಟಿರುವ ಕ್ಲೇಟನ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಆ ಮಹಾರಾಯ ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಅಕ್ಷರ ಓದಲು ಬಾರದು. ಆದರೂ ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ, ಬಿಚ್ಚಿದ ಗುರುತು ಕಂಡರೆ ತಿಳಿಸು. ನೀನು ಕನ್ನಡ ಟೀಚರ್ ಆಗಿದ್ದವಳು, ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಾ ಕೂರದೆ ಪೂರ್ತಿ ಓದು.

ಇಂಗ್ಲಿಷ್ ಪೂಜೆಗೆ ನಾನು ನಡೆಸುವ ಗಾಯನ ತಂಡಕ್ಕೆ ಮರ್ಸಿ ಎಂಬ ಆಫ್ರಿಕಾದವಳು ಸೇರಿದ್ದು ನಿನಗೆ ಗೊತ್ತಲ್ಲ, ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನೆಲ ಒರೆಸುವವಳು. ಮೊದಲ ದಿನದಿಂದಲೇ ನನಗೆ ಅವಳ ಮೇಲೆ ಸಂಶಯ. ಇಪ್ಪತ್ತಾರು ವರ್ಷ ರಾಯ್ ಏರಿಯಾದ ವರ್ಕ್‌ಶಾಪಿನಲ್ಲಿ ಕಾರಿನ ಎಸಿಯ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಿದ ಕಿವಿ ಇದು. ಮೂರನೆಯ ಸಾಲಿನಲ್ಲಿ ನಿಂತು ಅವಳು ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿದ್ದಳು, ಆದರೆ ಹಾಡುವ ಮುಂಚೆ ಎಳೆದುಕೊಳ್ಳುವ ಉಸಿರು ಮಾತ್ರ ಕಸುಬು ಗೊತ್ತಿದ್ದವರದು. ಯಾರಾದರೂ ಫೋಟೋಗೆ ಫೋನ್ ಎತ್ತಿದರೆ ಸಾಕು, ಕಂಬದ ಹಿಂದೆ ಮಾಯ. ತಂಡದಲ್ಲಿರುವ ಅವಳ ದೇಶದ ಇಬ್ಬರು ಹುಡುಗಿಯರಂತೂ ಅವಳು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ನೆಲ ಒರೆಸುವವಳಿಗೆ ಯಾರಾದರೂ ಎದ್ದು ನಿಲ್ಲುತ್ತಾರಾ? ವೀಸಾ ಕೊಟ್ಟ ಕಫೀಲನ ಮನೆಯಿಂದ ಏನೋ ಹೊಡೆದುಕೊಂಡು ಓಡಿಬಂದವಳು, ಹೆಸರೂ ಸುಳ್ಳು, ಇಲ್ಲಿರಲು ಬೇಕಾದ ಇಕಾಮಾವೂ ಸುಳ್ಳು ಎಂದು ನಾನು ತೀರ್ಮಾನಿಸಿಬಿಟ್ಟೆ. ನಿನಗೆ ಹೇಳಿದಾಗ ನೀನು ನಕ್ಕೆ. "ನಿಮಗೆ ಇಗರ್ಜಿಯ ಸಂತರ ಮೇಲೂ ಡೌಟು" ಅಂದೆ.

ಸರಿ, ಪರೀಕ್ಷೆ ಮಾಡೇ ಬಿಡೋಣ ಅಂದುಕೊಂಡೆ. ಕ್ರಿಸ್ಮಸ್ ಹಾಡುಗಳಿಗೆ ಒಬ್ಬೊಬ್ಬರನ್ನೇ ಕರೆದು ದನಿ ನೋಡುವುದು ನಮ್ಮಲ್ಲಿ ಪ್ರತಿವರ್ಷ ಇರುವುದೇ, ರೆಕಾರ್ಡ್ ಮಾಡಿ ತಂಡದ ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಇರುವುದೇ. ಮೂರು ವಾರದ ಹಿಂದೆ ಅವಳ ಸರದಿ ಬಂದಾಗ ಫೋನನ್ನು ರೆಕಾರ್ಡಿಗೆ ಹಾಕಿ ಹಾಡಿನ ಹಾಳೆಯ ಕೆಳಗೆ ಇಟ್ಟು, ಕೀಬೋರ್ಡಿನಲ್ಲಿ ಬೇಕೆಂದೇ ಶ್ರುತಿ ಏರಿಸುತ್ತಾ ಹೋದೆ. ಅಷ್ಟು ಎತ್ತರದಲ್ಲಿ ಪಿಸುಗುಟ್ಟಿ ಹಾಡಲು ಯಾರಿಗೂ ಸಾಧ್ಯವಿಲ್ಲ ಬೆಟ್ಟಿ, ಪೂರ್ತಿ ಗಂಟಲು ತೆರೆಯಲೇಬೇಕು. ತೆರೆದಳು. ಪಕ್ಕದ ಕೋಣೆಯಲ್ಲಿ ಹರಟುತ್ತಿದ್ದ ತಂಡದ ರೋಶ್ನಿ, ಗ್ಲೆನ್ ಎಲ್ಲ ಬಾಗಿಲಿಗೆ ಬಂದು ನಿಂತರು. ಅವಳು ಹೊರಗೆ ಹೋದ ಮೇಲೆ ಫೋನ್ ಕೈಗೆತ್ತಿಕೊಂಡು ಅದೇ ರೆಕಾರ್ಡಿನ ಕೊನೆಗೆ ಒಂದಿಷ್ಟು ಜಂಬ ಕೊಚ್ಚಿ ನಿನಗೆ ಕಳಿಸಿದೆ, ನೆನಪಿದೆಯಲ್ಲ? ನನ್ನ ಮಾತನ್ನು ಕತ್ತರಿಸಿ ಗ್ರೂಪಿಗೂ ಹಾಕಿದೆ, ಈ ದನಿಯ ಗುರುತು ಯಾರಿಗಾದರೂ ಇದೆಯಾ ಎಂದು ಬೇರೆ ಕೇಳಿದೆ. ಐದೇ ನಿಮಿಷದಲ್ಲಿ ಆ ಇಬ್ಬರು ಹುಡುಗಿಯರಲ್ಲೊಬ್ಬಳು ಫೋನ್ ಮಾಡಿ ಅಳತೊಡಗಿದಳು. "ಅಂಕಲ್, ಪ್ಲೀಸ್, ಅಳಿಸಿಬಿಡಿ" ಎಂಬುದೊಂದೇ ಮಾತು. ಹೆದರಿ ತಕ್ಷಣ ಗ್ರೂಪಿನಿಂದ ಅಳಿಸಿದೆ.

ಮರುದಿನ ಪೂಜೆ ಮುಗಿದ ಮೇಲೆ ಮರ್ಸಿಯೇ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತಳು. ಅವಳ ದೇಶದ ಹೆಸರನ್ನಾಗಲಿ ನಿಜವಾದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಮಾರುತ್ತಿದ್ದಳಂತೆ, ಇವಳು ಪಕ್ಕದಲ್ಲಿ ನಿಂತು ಹಾಡಿ ಗಿರಾಕಿ ಕರೆಯುತ್ತಿದ್ದಳಂತೆ. ಇಪ್ಪತ್ತು ತುಂಬುವ ಮೊದಲೇ ರೇಡಿಯೋದಲ್ಲೆಲ್ಲ ಇವಳದೇ ಹಾಡು. ಮದುವೆ ಮನೆ, ಟ್ಯಾಕ್ಸಿ, ಫುಟ್ಬಾಲ್ ಮೈದಾನ, ಎಲ್ಲಿ ನೋಡಿದರೂ ಇವಳೇ. ಅಧ್ಯಕ್ಷನ ಹೆಂಡತಿ ಕರೆದು ವಾಚು ಕೊಟ್ಟಳಂತೆ. ಆಮೇಲೆ ಹಿಟ್ಟಿನ ಅಂಗಡಿಯ ಮುಂದೆ ಸಾಲು ನಿಂತ ಹೆಂಗಸರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸತ್ತ ಹನ್ನೊಂದು ಜನರ ಹೆಸರನ್ನೇ ಪಲ್ಲವಿ ಮಾಡಿ ಇವಳು ಹಾಡು ಕಟ್ಟಿದಳು. ರೇಡಿಯೋ ಆ ಹಾಡು ಹಾಕಲಿಲ್ಲ, ಆದರೆ ಮೈದಾನದಲ್ಲಿ ಮೈಕ್ ಕಿತ್ತುಕೊಂಡಾಗ ಜನವೇ ಹಾಡಿ ಮುಗಿಸಿದರಂತೆ. ಅದೇ ವಾರ ಗಿಟಾರಿನವನನ್ನೂ ಇವಳ ತಮ್ಮನನ್ನೂ ಎಳೆದುಕೊಂಡು ಹೋದರು, ಗಿಟಾರಿನವನು ಹೆಣವಾಗಿ ಬಂದ. ತಮ್ಮ ಇನ್ನೂ ಬಂದಿಲ್ಲ. ಇವಳು ಮನೆಗೆಲಸದವಳ ವೀಸಾದಲ್ಲಿ ಇಲ್ಲಿಗೆ ಬಂದಳು. "ಕೂದಲು ಬೋಳಿಸಿದೆ ಬ್ರದರ್, ಹೆಸರು ಬದಲಾಯಿಸಿದೆ. ಗಂಟಲು ಎಲ್ಲಿ ಬಚ್ಚಿಡಲಿ?" ಎಂದು ಕೇಳಿದಳು. ಹಾಗಾದರೆ ಹಾಡಲು ಯಾಕೆ ಬಂದೆ ಎಂದು ನಾನು ಮೂರ್ಖನ ಹಾಗೆ ಕೇಳಿದೆ. ಹಾಡದಿದ್ದರೆ ಸತ್ತುಹೋಗುತ್ತೇನೆ, ಅದಕ್ಕೇ ಸಣ್ಣಗೆ ಹಾಡುತ್ತೇನೆ ಅಂದಳು. ನಾಚಿಕೆಯಿಂದ ನನಗೆ ತಲೆಯೆತ್ತಲು ಆಗಲಿಲ್ಲ.

ಮೊನ್ನೆ ಮಂಗಳವಾರ ಕೋಟು ಹಾಕಿದ ಒಬ್ಬ ವರ್ಕ್‌ಶಾಪಿಗೆ ಬಂದ. ಎಸಿ ತೋರಿಸಲು ಬಂದವನ ಕಾರಿನಲ್ಲಿ ಎಸಿ ಚೆನ್ನಾಗಿಯೇ ಇತ್ತು. ಮರ್ಸಿಯ ದೇಶದ ಕಡೆಯವನೆಂದು ಮಾತಿನಲ್ಲೇ ತಿಳಿಯಿತು. ಫೋನಿನಲ್ಲಿ ನಾನು ರೆಕಾರ್ಡ್ ಮಾಡಿದ ಆ ಹಾಡು ಹಾಕಿ, ಈ ಹೆಂಗಸು ನಿನ್ನ ತಂಡದವಳಂತೆ, ಎಲ್ಲಿರುತ್ತಾಳೆ ಎಂದು ಕೇಳಿದ. ಗೊತ್ತಿಲ್ಲ ಭಾಯಿ ಅಂದು ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದೆ. ಅವಳ ಸರ್ಕಾರದವರ ಕೈಗೆ ಸಿಕ್ಕರೆ ಊರಿನ ವಿಮಾನ ಹತ್ತಿಸುತ್ತಾರೆ, ಇಳಿದ ಮೇಲೆ ಅವಳನ್ನು ಯಾರೂ ನೋಡುವುದಿಲ್ಲ. ಬೇರೊಂದು ದೇಶಕ್ಕೆ ಹೋಗುವ ಕಾಗದ ಇನ್ನು ಎರಡು ವಾರದಲ್ಲಿ ಬರಬೇಕು, ಅಲ್ಲಿಯವರೆಗೆ ಉಳಿಸಿದರೆ ಸಾಕು. ಈಗ ಎಲ್ಲಿದ್ದಾಳೆಂದು ನಿನಗೂ ಬರೆಯುವುದಿಲ್ಲ, ಬೇಜಾರು ಮಾಡಬೇಡ. ಎರಡು ದಿನದಿಂದ ಗ್ಲೆನ್ ಮುಖ ನೋಡಿದರೂ ಸಂಶಯ, ರೋಶ್ನಿ ಫೋನ್ ಮುಟ್ಟಿದರೂ ಸಂಶಯ. ಇಂಥ ಬಾಳು ಯಾರಿಗೂ ಬೇಡ.

ಮಗುವಿನ ಹಣೆಗೆ ನನ್ನ ಪರವಾಗಿ ಶಿಲುಬೆಯ ಗುರುತು ಹಾಕು. ರಿಯೋನಾಳಿಗೆ ಅಪ್ಪನ ಮುತ್ತು.

ನಿನ್ನ,
ಫ್ರೆಡ್ರಿಕ್

ತಾ.ಕ.: ಬೆಟ್ಟಿ, ಕ್ಲೇಟನ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯ ಬಾರದ್ದನ್ನು ಈಗ ಬರೆಯುತ್ತೇನೆ. ಆ ಕೋಟಿನವನ ಫೋನಿನಲ್ಲಿ ಹಾಡು ಮುಗಿದ ಮೇಲೆ ನನ್ನದೇ ದನಿ ಬಂತು: "ಕೇಳಿದಿಯಾ ಬೆಟ್ಟಿ, ನನ್ನ ಕಿವಿ ಸುಳ್ಳು ಹೇಳೂದಿಲ್ಲ." ಅದನ್ನು ನಾನು ಕಳಿಸಿದ್ದು ನಿನಗೊಬ್ಬಳಿಗೆ. ಎಷ್ಟು ಚೆಂದ ಹಾಡುತ್ತಾಳೆ ನೋಡಿ ಎಂದು ನೀನು ಯಾರಿಗೆಲ್ಲ ಕಳಿಸಿದೆ? ಸಿಟ್ಟಿಲ್ಲ, ಮೊದಲು ಕಳಿಸಿದ ಪಾಪಿ ನಾನೇ. ಅವರೆಲ್ಲರ ಮನೆಗೆ ನೀನೇ ನಡೆದು ಹೋಗಿ ಅಳಿಸಿಸು, ಫೋನ್ ಮಾಡಬೇಡ. ನಿನ್ನದರಿಂದಲೂ ಅಳಿಸು. ನನ್ನದರಿಂದ ಇವತ್ತು ಅಳಿಸಿದೆ. ಕೊನೆಗೊಂದು ಸಲ ಕೇಳಲಿಲ್ಲ. ಕೇಳಿದ್ದರೆ ಅಳಿಸಲು ನನಗೆ ಕೈ ಬರುತ್ತಿರಲಿಲ್ಲ.