ಡಬ್ಬದ ಮೇಲೆ ಅತ್ತೆಯ ಅಂಗೈ

ಮನೆ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಎಣ್ಣೆಕೈಯವನಿಗೆ,

ಹೇಗಿದ್ದೀಯಾ? ಹಿಂದಿನ ಬಂದರಿನಿಂದ ಬರೆದಿದ್ದ ಬೆನ್ನುನೋವು ಈಗ ಯಾವ ಮಟ್ಟದಲ್ಲಿದೆ? ಹಡಗಿನ ಎಂಜಿನ್ನಿಗೆ ಹೊತ್ತುಹೊತ್ತಿಗೆ ಎಣ್ಣೆ ಕಾಣಿಸುವವನು ತನ್ನ ಬೆನ್ನಿಗೆ ಒಂದು ಹನಿ ಹಚ್ಚಿಕೊಳ್ಳುವುದಿಲ್ಲ ಅಂತ ನನಗೆ ಗೊತ್ತು. ಹಚ್ಚಿಕೋ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅತ್ತೆಯೂ ಚೆನ್ನಾಗಿದ್ದಾರೆ, ಬೆಳಿಗ್ಗೆ ಏಳುವಾಗ ಮಂಡಿ ಸ್ವಲ್ಪ ಹಟ ಮಾಡುತ್ತದೆ, ಆಮೇಲೆ ಹೇಳಿದ ಮಾತು ಕೇಳುತ್ತದೆ. ಇತ್ತೀಚೆಗೆ ಟೀವಿಯನ್ನು ಸದ್ದು ಪೂರ್ತಿ ಇಳಿಸಿ ನೋಡುತ್ತಾರೆ. ಮುಖ ನೋಡಿದರೆ ಸಾಕಂತೆ, ಎಲ್ಲ ಧಾರಾವಾಹಿಗಳಲ್ಲೂ ಆಡುವುದು ಅದೇ ಮಾತಂತೆ. ನಾನು ಮಾತಾಡುವಾಗಲೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾರೆ. ನನ್ನ ಮಾತನ್ನು ಅಷ್ಟು ಮನಸ್ಸಿಟ್ಟು ನೀನು ಮದುವೆಯಾದ ಹೊಸತರಲ್ಲೂ ಕೇಳಿಲ್ಲ, ಬಿಡು.

ಈಗ ಸುದ್ದಿ. ನಿನ್ನ ಅಮ್ಮ ನಮ್ಮನ್ನು ಬಿಟ್ಟು ನಿನ್ನ ಅಕ್ಕನ ಮನೆಗೆ ಹೋಗುತ್ತಾರಂತೆ. ಸುಮ್ಮನೆ ನಾಲ್ಕು ದಿನ ಇದ್ದು ಬರಲಿಕ್ಕಲ್ಲ, ಇರಲಿಕ್ಕೇ. ನಮ್ಮ ಕೋಣೆ ನಿನಗೆ ಗೊತ್ತಲ್ಲ, ಅರ್ಧ ಅವರ ಮಂಚ, ಅರ್ಧ ನನ್ನ ಮೇಜು. ಈಗ ಮಾಡುತ್ತಿರುವ ಮಕ್ಕಳ ಕಾರ್ಟೂನ್ ಚಿತ್ರದಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದು ನದಿ ಹರಿಯುತ್ತದೆ. ನಾನು ಬಿಡಿಸಿದ್ದು ಚಲಿಸಬೇಕಾದರೆ ಕಂಪ್ಯೂಟರು ಒಂದೊಂದು ಹನಿಯ ಲೆಕ್ಕ ಹಾಕಬೇಕು, ಹಗಲೂ ರಾತ್ರಿ. ಅದು ಕಾದು ಕೆಂಡವಾಗುತ್ತಿತ್ತು, ತಣಿಸಲು ಫ್ಯಾನುಗಳು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿದ್ದವು. ಒಂದು ದಿನ ಅತ್ತೆ ಮೇಜಿನ ಪಕ್ಕ ಬಂದು ನಿಂತು, "ಈ ಡಬ್ಬದ ಸದ್ದಿಗೆ ನನಗೆ ಕಣ್ಣು ಮುಚ್ಚೋಕಾಗಲ್ಲ. ತಿಂಗಳು ಮುಗೀಲಿ, ಮಗಳ ಮನೆಗೆ ಹೋಗ್ತೀನಿ" ಅಂದರು. ಸಂಜೆಯೊಳಗೆ ಮಂಚದ ಕೆಳಗೆ ಪೆಟ್ಟಿಗೆ ತುಂಬಿ ಕೂತಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮಿಬ್ಬರಿಗೆ ಒಂದೇ ಕಾಲ ಅಂದುಕೊಂಡಿದ್ದೆ. ನೀನು ಸಮುದ್ರದ ಮೇಲಿರುವಾಗ ಈ ಮನೆಯಲ್ಲಿ ನನಗಿರುವವರು ಅವರೊಬ್ಬರೇ. ಅವರು ಹೋದರೆ ನಾನು ಮಾತಾಡುವುದು ಯಾರ ಹತ್ತಿರ, ನದಿಯ ಹತ್ತಿರವೇ?

ಅದಕ್ಕೇ ಡಬ್ಬದ ಬಾಯಿ ಮುಚ್ಚಿಸಲು ಹೊರಟೆ. ಉಪಾಯ ನಿನ್ನದೇ. ನಿನ್ನ ಎಂಜಿನ್ನಿನ ಬಿಸಿಯನ್ನು ನೀರು ಹೊತ್ತುಕೊಂಡು ಹೋಗುತ್ತದೆ ಅಂತ ಎಷ್ಟು ಸಲ ಕೊರೆದಿಲ್ಲ ನೀನು? ಇಲ್ಲೂ ಹಾಗೇ. ಸಣ್ಣ ಪಂಪು ನೀರನ್ನು ತಳ್ಳುತ್ತದೆ, ನೀರು ಬಿಸಿ ಹೊತ್ತು ರೇಡಿಯೇಟರಿಗೆ ಹೋಗಿ ಅಲ್ಲಿ ಇಳಿಸಿ ಬರುತ್ತದೆ. ಒಂದೇ ರೇಡಿಯೇಟರಾದರೆ ಫ್ಯಾನು ಮತ್ತೆ ಓಡಬೇಕು, ಮತ್ತೆ ಬೊಬ್ಬೆ. ಮೂರಿದ್ದರೆ ಬಿಸಿ ಹರಡಿಕೊಳ್ಳುತ್ತದೆ, ಫ್ಯಾನುಗಳು ಊಟ ಮುಗಿಸಿ ಅಡ್ಡಾಡುವವರ ಹಾಗೆ ನಿಧಾನವಾಗಿ ತಿರುಗಿದರೆ ಸಾಕು. ಅಂಗಡಿಯವನು ನನ್ನ ಡಬ್ಬದ ಅಳತೆ ಕೇಳಿ ನಕ್ಕ. ಎರಡು ಹಿಡಿಸಬಹುದು, ಮೂರನೆಯದರ ಆಸೆ ಬಿಡಿ ಅಂದ. ಅವನು ನಗದಿದ್ದರೆ ಎರಡನ್ನೇ ತರುತ್ತಿದ್ದೆನೋ ಏನೋ.

ಮೂರನ್ನೂ ಮನೆಗೆ ತಂದು ನೋಡಿದರೆ ಅವನ ಮಾತೇ ನಿಜ. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಮೇಲಿನದನ್ನು ಕೂರಿಸಿದರೆ ಅದರ ಫ್ಯಾನು ಮೆಮೊರಿ ಪಟ್ಟಿಗಳ ತಲೆ ಕುಟ್ಟುತ್ತಿತ್ತು. ಮುಂದಿನದು ದಪ್ಪ, ಗ್ರಾಫಿಕ್ಸ್ ಕಾರ್ಡಿನ ಮೂಗಿಗೆ ತಾಗುತ್ತಿತ್ತು. ಕೆಳಗಿನದಕ್ಕೆ ಜಾಗವೇ ಇಲ್ಲ, ಅಲ್ಲಿ ವೈರುಗಳ ಸಂಸಾರ. ಕಳಚುವುದು, ಕೂರಿಸುವುದು, ಬೆರಳು ಕುಯ್ದುಕೊಳ್ಳುವುದು ಇದೇ ಆಯಿತು. ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದವರು ಎದ್ದುಬಂದು, ರೇಡಿಯೇಟರುಗಳ ಖಾಲಿ ಪೆಟ್ಟಿಗೆಗಳನ್ನು ತೆಗೆದುಕೊಂಡು, ಅಳತೆ ಟೇಪು ಹಿಡಿದು, ರಟ್ಟಿನಲ್ಲಿ ಮೂರೂ ರೇಡಿಯೇಟರುಗಳನ್ನು ಕತ್ತರಿಸಿ ಕೊಟ್ಟರು. ಹೊಲಿಗೆ ಕಾರ್ಖಾನೆಯಲ್ಲಿ ವಯಸ್ಸು ಕಳೆದವರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಾಗದಕ್ಕೆ ಹಾಕಬೇಕು ಅನ್ನುವುದು ಅವರಿಗೆ ಉಸಿರಾಟದಷ್ಟೇ ಸಹಜ. ಆಮೇಲೆ ನಮ್ಮ ಮಧ್ಯಾಹ್ನಗಳೆಲ್ಲ ಆ ರಟ್ಟಿನ ಆಟದಲ್ಲೇ ಹೋದವು. ಪೆಟ್ಟಿಗೆ ತುಂಬಿಟ್ಟ ಹೆಂಗಸು ಹೋಗದಿರಲಿ ಅಂತ ನಾನು ಮಾಡುತ್ತಿದ್ದ ಕೆಲಸಕ್ಕೆ ಆ ಹೆಂಗಸೇ ಟಾರ್ಚು ಹಿಡಿದು ಕೂತಿದ್ದರು.

ಈ ದಿನಗಳಲ್ಲಿ ನನಗೆ ಏನೇನೋ ಕನಸು. ಡಬ್ಬದ ಗಾಜಿನ ಬಾಗಿಲಿಗೆ ಮುಖವಿಟ್ಟು ಎಷ್ಟು ಹೊತ್ತು ಕೂರುತ್ತಿದ್ದೆನೆಂದರೆ, ನಾನೇ ಚಿಕ್ಕವಳಾಗಿ ಒಳಗೆ ಓಡಾಡುತ್ತಿದ್ದೆ. ಕೆಳಗಿನ ಮನೆ, ಮೇಲಿನ ಮನೆ, ಮುಂದಿನ ಜಗಲಿ. ಹಳೆಯ ಡಿಸ್ಕುಗಳಿದ್ದ ಗೂಡನ್ನು ಕಿತ್ತುಹಾಕಿದ ಮೇಲೆ ಒಂದು ಉದ್ದನೆಯ ಪಡಸಾಲೆ ಬಿಡುವಾಯಿತು. ಅಲ್ಲಿ ನಿಂತು, ಇಲ್ಲಿ ಎಲ್ಲರೂ ಹಿಡಿಸುತ್ತಾರೆ ಅಂದುಕೊಂಡೆ. ಮುಂದಿನ ರೇಡಿಯೇಟರಿನ ಫ್ಯಾನುಗಳನ್ನು ಚೌಕಟ್ಟಿನ ಆಚೆ ಬದಿಗೆ ದಾಟಿಸಿದೆವು, ಮೇಲಿನದನ್ನು ಎರಡು ಬೆರಳು ಹೊರಕ್ಕೆ ಸರಿಸಿದೆವು, ವೈರುಗಳನ್ನೆಲ್ಲ ಜಡೆ ಹೆಣೆದು ಹಿಂದಕ್ಕೆ ಕಟ್ಟಿದೆವು. ಮೂರನೆಯದು ಕೆಳಗೆ ಹೋಗಿ ಕೂತಾಗ ಕ್ಲಿಕ್ ಅನ್ನಲೂ ಇಲ್ಲ, ಯಾವಾಗಲೂ ಅಲ್ಲೇ ಇದ್ದದ್ದರ ಹಾಗೆ ಸುಮ್ಮನೆ ಕೂತಿತು. ನನಗೆ ಅಳು ಬಂತು, ನಗಬೇಡ.

ನೀರು ತುಂಬಿಸಿದ ದಿನ ನೀನಿರಬೇಕಿತ್ತು. ಕೀಲುಗಳ ಕೆಳಗೆಲ್ಲ ಕಾಗದ ಹಾಸಿ, ಎಲ್ಲಾದರೂ ಒದ್ದೆಯಾಗುತ್ತದೋ ಅಂತ ಇಬ್ಬರೂ ಕಾಗದ ಮುಟ್ಟಿಮುಟ್ಟಿ ನೋಡುತ್ತಾ ಕೂತೆವು. ಒಂದು ಹನಿಯೂ ಸೋರಲಿಲ್ಲ. ಆದರೆ ಮೇಲಿನ ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡು ಗುಳುಗುಳು ಅಂತಿತ್ತು. ಗಾಜಿಗೆ ಮುಖವಿಟ್ಟು ಗುಳ್ಳೆಗಳನ್ನು ನೋಡಿದ ಅತ್ತೆ, "ಹಾಲು ಕುಡಿದಿದೆ, ತೇಗಿಸಬೇಕು ಕಣೆ" ಅಂದರು. ಇಬ್ಬರೂ ಆ ಕಡೆ ಈ ಕಡೆ ಹಿಡಿದು ಡಬ್ಬವನ್ನು ಮೆಲ್ಲಗೆ ಓಲಾಡಿಸಿದೆವು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಗುಳ್ಳೆಗಳು ಮಣಿಗಳ ಹಾಗೆ ಒಂದರ ಹಿಂದೊಂದು ಹೊರಟುಹೋದವು. ಕಿಟಕಿಯ ಬಿಸಿಲು ಕೊಳವೆಗಳ ನೀರನ್ನು ಹಾದು ಅತ್ತೆಯ ಮಂಚದ ಮೇಲೆ, ಗೋಡೆಯ ಮೇಲೆ ನಡುಗುತ್ತಿತ್ತು. ನೀನೂ ಇದೇ ನೀರಿನ ಮೇಲೆ ಎಲ್ಲೋ ಆಚೆ ದಡದ ಹತ್ತಿರ ತೇಲುತ್ತಿದ್ದೀಯ ಅನ್ನಿಸಿತು.

ಆಮೇಲೆ ಪರೀಕ್ಷೆ. ಡಬ್ಬವನ್ನು ನದಿಯ ಲೆಕ್ಕಕ್ಕೆ ಹಚ್ಚಿ ಕಾದೆ. ನನ್ನ ಕಿವಿಗೆ ಏನೆಂದರೆ ಏನೂ ಕೇಳಲಿಲ್ಲ. ಅತ್ತೆ ಬಂದು ಡಬ್ಬದ ನೆತ್ತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಜ್ವರ ನೋಡುವವರ ಹಾಗೆ ನಿಂತು, "ಇನ್ನೂ ಇದೆ" ಅಂದರು. ಎಂಥ ಕಿವಿಯಪ್ಪ ಇವರದು ಅಂದುಕೊಂಡೆ. ಮತ್ತೆ ಬಿಚ್ಚಿ ನೋಡಿದರೆ ಪಂಪು ನೇರ ತಗಡಿನ ಮೇಲೆ ಕೂತು ಸಣ್ಣಗೆ ನಡುಗುತ್ತಿತ್ತು. ಅತ್ತೆ ಹಳೆಯ ಹೊಲಿಗೆ ಡಬ್ಬಿಯಿಂದ ಕೋಟಿನ ಹೆಗಲಿಗಿಡುವ ದಪ್ಪ ಮೆತ್ತೆಯೊಂದನ್ನು ತೆಗೆದುಕೊಟ್ಟರು. ಅದರ ಮೇಲೆ ಪಂಪು ಕೂರಿಸಿದೆ. ಮತ್ತೆ ಅಂಗೈ ಇಟ್ಟು, ಬಹಳ ಹೊತ್ತು ನಿಂತು, "ಈಗಿಲ್ಲ" ಅಂದರು. ಆದರೂ ಮಂಚದ ಕೆಳಗಿನ ಪೆಟ್ಟಿಗೆ ಅಲ್ಲೇ ಇದೆ. ನನಗೆ ಕೇಳಲು ಧೈರ್ಯವಿಲ್ಲ. ನೀನು ಮಗ, ನೀನು ಬರೆದರೆ ಕೇಳುತ್ತಾರೆ. ಹೋಗಬೇಡ ಅಂತ ಒಂದು ಸಾಲು ಬರೆ, ಬರುವ ಬಂದರಿನಿಂದಲೇ.

ನಮ್ಮ ಮನೆಯ ಪದ್ಧತಿಯಂತೆ ಕಾಗದದ ಕೊನೆಯ ಜಾಗ ಅವರದು; ಬರೆದು ತಾವೇ ಮಡಚಿ ಅಂಟಿಸುತ್ತಾರೆ, ನಾನು ನೋಡುವ ಹಾಗಿಲ್ಲ. ಬೆನ್ನು ಜೋಪಾನ. ನಿನ್ನ ಜೊತೆಯ ಎಣ್ಣೆಕೈಗಳಿಗೆಲ್ಲ ನನ್ನ ನೆನಪು ಹೇಳು. ನೀನು ಬಂದ ದಿನ ಈ ಕೋಣೆ ಎಷ್ಟು ತಣ್ಣಗಿದೆ ನೋಡುವೆಯಂತೆ.

ನಿನ್ನವಳೇ ಆದ,
ಮನೆಯ ಎಂಜಿನಿಯರ್

ತಾ.ಕ.: ಮಗಾ, ನಾನು ಅಮ್ಮ. ಅವಳು ಅಂಟು ತರೋಕೆ ಹೋಗಿದ್ದಾಳೆ, ಬೇಗ ಬರೀತೀನಿ. ಹೋದ ಚಳಿಗಾಲದಿಂದ ನನ್ನ ಎರಡೂ ಕಿವಿ ಕೇಳಲ್ಲ. ಮಿಷನ್ನುಗಳ ಗದ್ದಲದಲ್ಲಿ ಮುಖ ನೋಡಿ ಮಾತು ತಿಳ್ಕೊಳ್ಳೋದು ಕಲಿತಿದ್ದೆ, ಅದರಲ್ಲೇ ದಿನ ದೂಡ್ತಿದ್ದೀನಿ. ಆ ಡಬ್ಬದ ಸದ್ದು ನಾನು ಯಾವತ್ತೂ ಕೇಳಿಲ್ಲ. ಇವಳು ನನ್ನ ಮಂಚಕ್ಕೆ ಜಾಗ ಬಿಟ್ಟು ಮೂಲೇಲಿ ಮಂಡಿ ಮಡಚ್ಕೊಂಡು ಕೂತು ಕೆಲಸ ಮಾಡೋದು ನೋಡೋಕಾಗ್ಲಿಲ್ಲ. ಸುಮ್ಮನೆ ಹೋಗ್ತೀನಿ ಅಂದ್ರೆ ಬಿಡಲ್ಲ ಅಂತ ತಪ್ಪೆಲ್ಲ ಡಬ್ಬದ ಮೇಲೆ ಹಾಕ್ದೆ. ಅವಳು ನೋಡಿದ್ರೆ, ಮೂರನೇದು ಹಿಡಿಸೋದೇ ಇಲ್ಲ ಅಂತ ಅಂಗಡಿಯವನು ಹೇಳಿದ್ದ ಡಬ್ಬದಲ್ಲಿ ಮೂರಕ್ಕೂ ಜಾಗ ಮಾಡಿದ್ಲು. ಇನ್ನು ನಾನು ಎಲ್ಲಿಗೆ ಹೋಗ್ಲಿ? ಈಗ ಪೆಟ್ಟಿಗೆ ಬಿಚ್ತೀನಿ. ನಿನ್ನ ಅಕ್ಕನಿಗೆ ಅಮ್ಮ ಬರಲ್ಲ ಅಂತ ನೀನೇ ಹೇಳು. ಕಿವಿ ವಿಷಯ ಇವಳಿಗೆ ನಾನೇ ಹೇಳ್ತೀನಿ, ಆದ್ರೆ ಈ ವಾರ ಬೇಡ. ಸದ್ದು ಹೋಯ್ತು ಅಂತ ತುಂಬಾ ಖುಷಿಯಾಗಿದ್ದಾಳೆ.